ಈ ಬಾಕ್ಸಿನೊಳಗೆ ಯಾರು ಕುಂತಾರ?

ಹೊರಗಿನ ತಂಡವೊಂದು ಬಳ್ಳಾರಿಗೆ ಬಂದು ನಾಟಕ ಆಡಿತ್ತು. ಕೊನೆಯ ದೃಶ್ಯದಲ್ಲಿ ನಾಯಕನಿಗೆ ಗುಂಡು ಬೀಳಬೇಕು. ಹಾರಿಸುವವನು ರಂಗದ ಮೇಲಿಲ್ಲ, ಜನರ ನಡುವೆ ಎಲ್ಲೋ ಇದ್ದಾನೆ ಅನ್ನೋದು ಕಥೆ. ಹಾಗಾಗಿ ಅವರು ಹಾಲಿನ ಹಿಂದಿನ ಬಾಗಿಲ ಪಕ್ಕ ದೊಡ್ಡದೊಂದು ಸ್ಪೀಕರ್ ಬಾಕ್ಸ್ ಇಟ್ಟು, ಗುಂಡಿನ ಸದ್ದನ್ನು ಅದರಲ್ಲೇ ಹಾಕಿದರು. ಢಂ ಅಂತ ಬಂತು ನೋಡಿ, ಇಡೀ ಹಾಲು ಒಟ್ಟಿಗೆ ಹಿಂದೆ ತಿರುಗಿತು. ನಾನೂ ತಿರುಗಿದೆ. ಬಾಗಿಲ ಹತ್ತಿರ ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದ ಹುಡುಗ ಅಷ್ಟೂ ಮುಖಗಳನ್ನು ಕಂಡು ಗಾಬರಿಯಾದ. ನಾವು ಮತ್ತೆ ಮುಂದೆ ತಿರುಗುವಷ್ಟರಲ್ಲಿ ನಾಯಕ ಬಿದ್ದಾಗಿತ್ತು. ಸಂಜೆಯಿಂದ ಯಾರ ಕಥೆ ನೋಡುತ್ತಾ ಕೂತಿದ್ದೆವೋ, ಅವನು ಸಾಯುವುದನ್ನು ನಮ್ಮಲ್ಲಿ ಒಬ್ಬರೂ ನೋಡಲಿಲ್ಲ.

ಹೊರಗೆ ಬೈಕ್ ತೆಗೆಯುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು, 'ಸೌಂಡ್ ಭಾರಿ ಇತ್ತು ಬಿಡ್ರಿ'. ಹೌದು, ಭಾರಿ ಇತ್ತು. ಸದ್ದು ಒಡೆದಿರಲಿಲ್ಲ, ತಡವಾಗಿರಲಿಲ್ಲ, ಕಥೆಗೆ ತಕ್ಕ ಜಾಗದಿಂದಲೇ ಬಂದಿತ್ತು. ಅದಕ್ಕೇ ಅದು ನನ್ನನ್ನು ಇವತ್ತಿಗೂ ಕೊರೆಯುತ್ತದೆ. ಹೊಟ್ಟೆಪಾಡಿನ ಕೆಲಸ ಮುಗಿಸಿ ಸಂಜೆ ಹವ್ಯಾಸಿ ತಂಡವೊಂದಕ್ಕೆ ಸೌಂಡ್ ನೋಡಿಕೊಳ್ಳುವವನು ನಾನು. ಈಗೀಗ ನಮ್ಮ ಕಡೆಯ ಪ್ರತಿ ತಂಡಕ್ಕೂ ಸರೌಂಡ್, ಅಂದರೆ ಸುತ್ತಲಿಂದಲೂ ಬರುವ ಸದ್ದು, ಬೇಕು. ತಾಲೀಮು ಶುರುವಾಗುವ ಮೊದಲೇ ಯಾರೋ ಒಬ್ಬರು, 'ಈ ಸಲ ನಾಲ್ಕೂ ಕಡೆ ಬಾಕ್ಸ್ ಹಾಕೋಣ' ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಸಿನಿಮಾದಲ್ಲಿ ಇದೆಯಲ್ಲ ಅನ್ನುತ್ತಾರೆ.

ಅಂದಹಾಗೆ ಸಿನಿಮಾದವರಿಗೂ ಈ ಗುಂಡಿನ ಕಾಟ ಗೊತ್ತಿದೆ. ಹಿಂದಿನ ಸ್ಪೀಕರಿನಲ್ಲಿ ಜೋರಾದ, ಚೂಪಾದ ಸದ್ದು ಬಂದರೆ ಜನ ಪರದೆ ಬಿಟ್ಟು ಹೊರಬಾಗಿಲ ಮೇಲಿನ ಎಕ್ಸಿಟ್ ಬೋರ್ಡಿನ ಕಡೆ ನೋಡುತ್ತಾರೆ. ಅದಕ್ಕೇ ಅವರು ಅದನ್ನು ಎಕ್ಸಿಟ್ ಸೈನ್ ಎಫೆಕ್ಟ್ ಅಂತಲೇ ಕರೆಯುತ್ತಾರೆ. ಜನ ತಿರುಗುವುದು ಬರೀ ಕುತೂಹಲದಿಂದ ಅಲ್ಲ. ಒಂದು ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಸ್ವಲ್ಪ ತಡವಾಗಿ ಮುಟ್ಟುತ್ತದೆ. ಆ ಅಂತರ ಒಂದು ಮಿಲಿಸೆಕೆಂಡಿಗಿಂತಲೂ ಕಮ್ಮಿ. ಎಡವೋ ಬಲವೋ ಅನ್ನೋದನ್ನು ಮಿದುಳು ಮುಖ್ಯವಾಗಿ ಅದರಿಂದ ತಿಳಿಯುತ್ತದೆ. ಆದರೆ ನೇರ ಮುಂದಿನಿಂದ ಬಂದರೂ ನೇರ ಹಿಂದಿನಿಂದ ಬಂದರೂ ಎರಡು ಕಿವಿಗೂ ಒಂದೇ ಹೊತ್ತಿಗೆ ಮುಟ್ಟುತ್ತದೆ. ಅನುಮಾನ ಬಂದಾಗ ಕತ್ತು ತಿರುಗಿಸಿ ನೋಡುವುದೇ ಸುಲಭದ ದಾರಿ. ಅಂದರೆ ಪ್ರೇಕ್ಷಕ ತಿರುಗಿದ್ದು ಅವನ ತಪ್ಪಲ್ಲ. ನಾವು ತಿರುಗಿಸಿದೆವು.

ಯಾರ ಕುರ್ಚಿಗೆ ಸರೌಂಡ್?

ಮನೆಯ 5.1 ಸೆಟ್ಟಿನ ಲೆಕ್ಕ ಸುಲಭ. ನಡುವೆ ಒಂದು ಸ್ಪೀಕರ್, ಅದರ ಎಡಕ್ಕೂ ಬಲಕ್ಕೂ 30 ಡಿಗ್ರಿಯಲ್ಲಿ ಒಂದೊಂದು, ಕಿವಿಯಿಂದ ಸ್ವಲ್ಪ ಹಿಂದಕ್ಕೆ, ಸುಮಾರು 110 ಡಿಗ್ರಿಯಲ್ಲಿ, ಇನ್ನೆರಡು. ಬೇಸ್‌ಗೆ, ಅಂದರೆ ತಗ್ಗಿನ ಸ್ವರಗಳಿಗೆ, ಬೇರೆ ಒಂದು ಡಬ್ಬ. ಈ ಲೆಕ್ಕವೆಲ್ಲ ನಡುವೆ ಕೂತ ಒಬ್ಬ ಮನುಷ್ಯನಿಗಾಗಿ. ಅವನು ಪಕ್ಕದ ಸೋಫಾಕ್ಕೆ ಸರಿದರೆ ಲೆಕ್ಕ ಕೆಡುತ್ತದೆ. ಈಗ ಇದನ್ನೇ 40 ಅಡಿ ಅಗಲದ ಹಾಲಿಗೆ ಹಿಗ್ಗಿಸಿ ನೋಡಿ. ಬಲಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಬಲಗಡೆಯ ಬಾಕ್ಸ್ 4 ಅಡಿ ದೂರ, ಎಡಗಡೆಯದು 36 ಅಡಿ ದೂರ. ದೂರ ದುಪ್ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂಬತ್ತು ಪಟ್ಟು ದೂರ ಅಂದರೆ 19 ಡೆಸಿಬೆಲ್. ಗೋಡೆಗೆ ಬಡಿದು ಬರುವ ಸದ್ದು ಸೇರಿ ಅದು ಸ್ವಲ್ಪ ತುಂಬಿಕೊಳ್ಳಬಹುದು. ಆದರೂ ಆ ಕುರ್ಚಿಯವರಿಗೆ ಇಡೀ ನಾಟಕ ಬಲಗಿವಿಯಲ್ಲೇ ನಡೆಯುತ್ತದೆ.

ಇನ್ನೊಂದು ತಮಾಷೆ ಇದೆ. ನಮ್ಮ ಹಾಲುಗಳಲ್ಲಿ ನಟ್ಟನಡುವಿನ ಒಳ್ಳೆ ಜಾಗದಲ್ಲಿ ಬಿಳಿ ಟವೆಲ್ ಹೊದಿಸಿದ ಸೋಫಾ ಇರುತ್ತವೆ. ಅವು ಅತಿಥಿಗಳಿಗೆ. ಅತಿಥಿಗಳು ದೀಪ ಹಚ್ಚಿ, ಶಾಲು ಹಾರ ಹಾಕಿಸಿಕೊಂಡು, 'ಇನ್ನೊಂದು ಕಾರ್ಯಕ್ರಮ ಐತ್ರಿ' ಅಂತ ಎದ್ದು ಹೋಗುತ್ತಾರೆ. ಅಲ್ಲಿಗೆ ಸರೌಂಡ್ ಸರಿಯಾಗಿ ಕೇಳುವ ಆ ನಾಲ್ಕು ಸೀಟೂ ಖಾಲಿ. ನಿಜವಾಗಿ ನಾಟಕ ನೋಡಲು ಬಂದವರು, ಅಂಗಡಿ ಮುಚ್ಚಿ ತಡವಾಗಿ ಬಂದವರು, ಮಕ್ಕಳನ್ನು ಎತ್ತಿಕೊಂಡು ಬಂದವರು ಗೋಡೆ ಬದಿಯಲ್ಲಿ, ಕೊನೆಯ ಸಾಲಿನಲ್ಲಿ ಕೂತಿರುತ್ತಾರೆ. ನಾಟಕದ ಸೌಂಡ್ ಅವರ ಕುರ್ಚಿಯಿಂದ ಶುರುವಾಗಬೇಕು ಅನ್ನೋದು ನನ್ನ ಹಟ. ತಾಲೀಮಿನಲ್ಲಿ ನಾನು ಲ್ಯಾಪ್‌ಟಾಪನ್ನು ಇನ್ನೊಬ್ಬರ ಕೈಗೆ ಕೊಟ್ಟು ಮೂಲೆಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತೇನೆ. ನಡುವಿನ ಕುರ್ಚಿಯಲ್ಲಿ ಕೂರುವುದೇ ಇಲ್ಲ. ಅಲ್ಲಿ ಎಲ್ಲವೂ ಚೆನ್ನಾಗೇ ಕೇಳುತ್ತದೆ, ಏನೂ ಗೊತ್ತಾಗುವುದಿಲ್ಲ.

ಸಿನಿಮಾಕ್ಕೂ ನಾಟಕಕ್ಕೂ ಇದಕ್ಕಿಂತ ದೊಡ್ಡ ವ್ಯತ್ಯಾಸ ಒಂದಿದೆ. ಸಿನಿಮಾದಲ್ಲಿ ನಟನ ಮಾತೂ ಸ್ಪೀಕರಿನಿಂದಲೇ ಬರುವುದು, ಗುಡುಗೂ ಸ್ಪೀಕರಿನಿಂದಲೇ. ಎರಡೂ ಒಂದೇ ಜಾತಿ. ನಾಟಕದಲ್ಲಿ ಉಸಿರಾಡುವ ಮನುಷ್ಯನೊಬ್ಬ ಎದುರಿಗೆ ನಿಂತಿದ್ದಾನೆ. ಬಳ್ಳಾರಿ ರಾಘವರ ಊರು ಇದು. 1880ರಲ್ಲಿ ಹುಟ್ಟಿ, ವಕೀಲಿಕೆ ಮಾಡುತ್ತಲೇ ರಂಗದ ಮೇಲೆ ಹೆಸರು ಮಾಡಿದವರು ಅವರು. ಅವರ ಹೆಸರಿನ ಕಲಾಮಂದಿರದಲ್ಲಿ ನಿಂತು ನಟನೊಬ್ಬ ಗಂಟಲಿನಿಂದ ಕೊನೆಯ ಸಾಲಿಗೆ ಮಾತು ಮುಟ್ಟಿಸಲು ಹೆಣಗುತ್ತಿರುವಾಗ, ಪಕ್ಕದಲ್ಲಿ 500 ವ್ಯಾಟಿನ ಬಾಕ್ಸಿನಲ್ಲಿ ನಾವು ಸಮುದ್ರ ಭೋರ್ಗರೆಸಿದರೆ ಗೆಲ್ಲುವುದು ಯಾರು? ಆ ನಟನಿಗೆ ಮೈಕ್ ಹಾಕೋಣ ಅನ್ನುತ್ತಾರೆ. ಮೈಕ್ ಹಾಕಿದ ಕೂಡಲೇ ಅವನ ಮಾತು ಬಾಯಿ ಬಿಟ್ಟು ಪಕ್ಕದ ಬಾಕ್ಸಿಗೆ ಹೋಗುತ್ತದೆ. ಅವನು ಎಡಗಡೆ ನಿಂತು ಅಳುತ್ತಾನೆ, ಅಳು ಬಲಗಡೆಯಿಂದ ಬರುತ್ತದೆ.

ಚಾಚಾ ಕೇಳಿದ್ದು

ನಮಗೆ ಬಾಡಿಗೆಗೆ ಸೆಟ್ ಕೊಡುವ ಮೈಕ್ ಸೆಟ್ ಚಾಚಾ ಒಬ್ಬರಿದ್ದಾರೆ. ಮದುವೆ, ಉರುಸು, ಗಣಪತಿ, ಪಕ್ಷಗಳ ಸಭೆ, ಎಲ್ಲಕ್ಕೂ ಹೋಗುತ್ತಾರೆ. ಚಿಕ್ಕಂದಿನಲ್ಲಿ ಕಂಪನಿ ನಾಟಕದ ಟೆಂಟುಗಳಲ್ಲಿ ವೈರು ಎಳೆದವರು. ಒಂದು ಪ್ರಯೋಗಕ್ಕೆ ನಾಲ್ಕು ಬಾಕ್ಸ್ ಬೇಕು ಚಾಚಾ ಅಂದೆ. ಎಲ್ಲಿ ಇಡಬೇಕು ಅಂತ ಇನ್ನೂ ತೀರ್ಮಾನವಾಗಿರಲಿಲ್ಲ. ಅವರು ಖಾಲಿ ಹಾಲಿನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರು. ನಾಲ್ಕು ಹೆಜ್ಜೆ ನಡೆದು ಮತ್ತೊಮ್ಮೆ ತಟ್ಟಿದರು. ಹಿಂದಿನ ಗೋಡೆಯಿಂದ ಟಪ್ ಅಂತ ಮರುದನಿ ಬಂತು. ಆ ಗೋಡೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, 'ಬಾಕ್ಸ್ ಕೊಡ್ತೀನಿ ಬೇಟಾ. ಒಂದೊಂದು ಬಾಕ್ಸಿನೊಳಗೂ ಯಾರು ಕುಂತಾರ, ಅದನ್ನ ಹೇಳು' ಅಂದರು.

ನಾನು, ಮಳೆ, ಗಾಳಿ, ಸಂತೆ, ಹಿನ್ನೆಲೆ ಸಂಗೀತ ಅಂತ ಪಟ್ಟಿ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. 'ಹಂಗಲ್ಲ. ಸಂತಿ ಅಂದ್ರ ಎಲ್ಲಿ ಐತಿ? ಮನಿ ಹಿಂದನೋ, ರೋಡಿನ ಆಕಡಿಗೋ? ಬಾಕ್ಸು ನಾಕು ಇದ್ರ ನಾಕು ಮಂದಿ ಬಂದಂಗ. ನಾಕು ಮಂದಿನೂ ಒಂದೇ ಮಾತು ಆಡಿದ್ರ ಜಗಳ ಆದಂಗ ಕೇಳ್ತೈತಿ, ಅಷ್ಟ.' ಇಷ್ಟು ಹೇಳಿ ಬೀಡಿ ಹಚ್ಚಲು ಹೊರಗೆ ಹೋದರು.

ಒಂದೇ ಸದ್ದನ್ನು ನಾಲ್ಕು ಬಾಕ್ಸಿಗೂ ಕೊಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಪುಸ್ತಕದ ವಿವರಣೆಯೂ ಇದೆ. ಹತ್ತಿರದ ಬಾಕ್ಸಿನ ಸದ್ದು ಮೊದಲು ಬರುತ್ತದೆ, ಉಳಿದವು ತಡವಾಗಿ. ಸೇರುವ ಜಾಗದಲ್ಲಿ ಕೆಲವು ಸ್ವರ ಹೆಚ್ಚಿ, ಕೆಲವು ಸ್ವರ ಒಂದನ್ನೊಂದು ತಿಂದುಹಾಕುತ್ತವೆ. ಕುರ್ಚಿ ಬದಲಾದರೆ ಸದ್ದಿನ ಬಣ್ಣವೂ ಬದಲು. ಚಾಚಾ ಇದಕ್ಕೆ ಜಗಳ ಅಂದರು, ನನಗೆ ಅದೇ ಚೆನ್ನಾಗಿದೆ ಅನ್ನಿಸಿತು.

ಬೀಡಿ ಮುಗಿಸಿ ಬಂದು ಅವರು ಮಾಡಿದ ಇನ್ನೊಂದು ಕೆಲಸ ನಾನು ಯಾವ ವಿಡಿಯೋದಲ್ಲೂ ನೋಡಿರಲಿಲ್ಲ. ಹಿಂದಿನ ಎರಡು ಕಾಲಮ್ ಸ್ಪೀಕರುಗಳನ್ನು, ಅಂದರೆ ಕಂಬದಂಥ ಉದ್ದನೆಯ ಬಾಕ್ಸುಗಳನ್ನು, ಜನರ ಕಡೆಗಲ್ಲ, ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದರು. 'ಗ್ವಾಡಿಗೆ ಹೇಳು, ಗ್ವಾಡಿ ಮಂದಿಗೆ ಹೇಳ್ತೈತಿ.' ಸದ್ದು ಗೋಡೆಗೆ ಬಡಿದು ಚದುರಿ ಬಂದಾಗ ಅದಕ್ಕೆ ಜಾಗವೇ ಗೊತ್ತಾಗುವುದಿಲ್ಲ. ಹಿಂದೆ ಎಲ್ಲೋ ಏನೋ ಇದೆ ಅನ್ನಿಸುತ್ತದೆ, ಇಲ್ಲೇ ಇದೆ ಅಂತ ಬೆರಳು ತೋರಿಸಲು ಆಗುವುದಿಲ್ಲ. ಕತ್ತು ತಿರುಗುವುದಿಲ್ಲ. ಹಿಂದಿನ ಸಾಲಿನವರ ಕಿವಿಗೆ ಕಾಲಮ್ ನೇರವಾಗಿ ಹೊಡೆಯುವುದೂ ತಪ್ಪಿತು. ಪಕ್ಕದ ಗೋಡೆಯವನ್ನು ತಲೆಯಿಂದ ಬಹಳ ಮೇಲಕ್ಕೆ ಕಟ್ಟಿ ಎದುರಿನ ಬದಿಗೆ ಗುರಿ ಇಟ್ಟೆವು. ಎತ್ತರಕ್ಕೆ ಹೋದಷ್ಟೂ ಹತ್ತಿರದವರಿಗೂ ದೂರದವರಿಗೂ ಇರುವ ದೂರದ ಅಂತರ ಕಮ್ಮಿಯಾಗುತ್ತದೆ, ಅಲ್ವಾ? ಲೆಕ್ಕ ಹಾಕಿದರೆ ಇದು ಐದನೇ ಕ್ಲಾಸಿನ ರೇಖಾಗಣಿತ.

ವೈರಿನ ವಿಷಯದಲ್ಲೂ ಅವರ ಹಳೆ ಸಾಮಾನೇ ನಮ್ಮನ್ನು ಉಳಿಸಿತು. ಸಭೆ ಸಮಾರಂಭದ ಕಾಲಮ್ಮುಗಳಲ್ಲಿ 100 ವೋಲ್ಟ್ ಲೈನಿನ ಟ್ರಾನ್ಸ್‌ಫಾರ್ಮರ್ ಇರುತ್ತದೆ. 20 ವ್ಯಾಟಿಗೆ 8 ಓಮಿನ ಸ್ಪೀಕರ್ ಒಂದೂವರೆ ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. 100 ವೋಲ್ಟಿನ ಲೈನಿನಲ್ಲಿ ಅದೇ 20 ವ್ಯಾಟಿಗೆ 0.2 ಆಂಪಿಯರ್ ಸಾಕು. ಹಾಗಾಗಿ ವೈರಿನಲ್ಲಿ ಪೋಲಾಗುವುದು ಕಮ್ಮಿ, ಸಣ್ಣ ವೈರನ್ನು ಹಾಲಿನ ಸುತ್ತ ಎಳೆದರೂ ಸದ್ದು ಅಷ್ಟಾಗಿ ಸೊರಗುವುದಿಲ್ಲ. ಬೇಸ್ ಸರಿಯಾಗಿ ಬರುವುದಿಲ್ಲ, ನಿಜ. ಆದರೆ ಆಳದ ಬೇಸ್‌ನ ದಿಕ್ಕೇ ಗೊತ್ತಾಗುವುದಿಲ್ಲ. ಅದನ್ನು ರಂಗದ ಕೆಳಗಿನ ಒಂದು ಡಬ್ಬಕ್ಕೆ ಬಿಟ್ಟರಾಯಿತು. ಒಂದೇ ಕೊರತೆ, ಒಂದು ಲೈನಿನಲ್ಲಿ ಒಂದೇ ಸದ್ದು ಹೋಗುತ್ತದೆ. ಎರಡು ಜಾಗಕ್ಕೆ ಎರಡು ಸದ್ದು ಬೇಕೆಂದರೆ ಎರಡು ಆಂಪ್ಲಿಫೈಯರ್ ಬೇಕು. ಬ್ಲೂಟೂತ್ ಸ್ಪೀಕರ್ ಇಟ್ಟು ವೈರೇ ಬೇಡ ಅಂದವರೂ ಇದ್ದಾರೆ. ಅದರಲ್ಲಿ ಸದ್ದು ನೂರು, ಇನ್ನೂರು ಮಿಲಿಸೆಕೆಂಡು ತಡವಾಗಿ ಬರುತ್ತದೆ. ಬಾಗಿಲು ಮುಚ್ಚಿದ ಮೇಲೆ ಬಾಗಿಲ ಸದ್ದು ಬಂದರೆ ಜನ ನಗುತ್ತಾರೆ.

ಮೊದಲು ಬಂದವನ ಮಾತು

ಹಿಂದಿನ ಸಾಲಿಗೆ ನಟರ ಮಾತು ಕೇಳುವುದಿಲ್ಲ ಅಂತ ಕೆಲವೊಮ್ಮೆ ರಂಗದ ಅಂಚಿನ ಮೈಕಿನ ಸದ್ದನ್ನು ಸ್ವಲ್ಪ ಹಿಂದಿನ ಬಾಕ್ಸಿಗೂ ಕೊಡಬೇಕಾಗುತ್ತದೆ. ವೈರಿನಲ್ಲಿ ಸದ್ದು ಹೊತ್ತೇ ತಗೊಳ್ಳುವುದಿಲ್ಲ ಅನ್ನಬಹುದು, ಗಾಳಿಯಲ್ಲಿ ಸ್ವಲ್ಪ ತಗೊಳ್ಳುತ್ತದೆ. ಹಾಗಾಗಿ ಹಿಂದಿನವರಿಗೆ ಬಾಕ್ಸಿನ ಮಾತು ಮೊದಲು, ನಟನ ಬಾಯಿಯ ಮಾತು ಆಮೇಲೆ. ನಟ ಎದುರಿಗೆ ಇದ್ದರೂ ಹಿಂದಿನಿಂದ ಯಾರೋ ಮಾತಾಡಿದಂತೆ ಆಗುತ್ತದೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ಸಂಶೋಧಕ 1949ರ ತನ್ನ ಪ್ರಬಂಧದಲ್ಲಿ ಇದನ್ನು ಅಳೆದ. ಒಂದೇ ಮಾತು ಎರಡು ಕಡೆಯಿಂದ ಬಂದರೆ, ಮೊದಲು ಬಂದ ದಿಕ್ಕನ್ನೇ ಮಿದುಳು ನಂಬುತ್ತದೆ. ಎರಡನೆಯದು 30 ಮಿಲಿಸೆಕೆಂಡಿನೊಳಗೆ ಬಂದರೆ ಅದು ಬೇರೆ ಸದ್ದು ಅಂತ ಅನ್ನಿಸುವುದೇ ಇಲ್ಲ. ಎರಡನೆಯದು 10 ಡೆಸಿಬೆಲ್‌ವರೆಗೆ ಜೋರಾಗಿದ್ದರೂ ದಿಕ್ಕು ಮೊದಲನೆಯದರದ್ದೇ.

ಅಂದರೆ ಹಿಂದಿನ ಬಾಕ್ಸನ್ನು ಬೇಕಂತಲೇ ತಡ ಮಾಡಿಸಬೇಕು. ಎಷ್ಟು? ನಮ್ಮ ಕಡೆ ಹಾಲನ್ನು ಅಡಿಯಲ್ಲೇ ಅಳೆಯುತ್ತಾರೆ, ಅದು ಒಳ್ಳೆಯದೇ ಆಯಿತು. ಒಂದು ಅಡಿಗೆ ಒಂದು ಮಿಲಿಸೆಕೆಂಡು ಅಂತ ಹಾಕಿಬಿಡಿ. 35 ಡಿಗ್ರಿ ಸೆಕೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 352 ಮೀಟರ್ ಓಡುತ್ತದೆ. ಸರಿಯಾಗಿ ಲೆಕ್ಕ ಹಾಕಿದರೆ ಅಡಿಗೆ 0.87 ಮಿಲಿಸೆಕೆಂಡು. 50 ಅಡಿಗೆ 43 ಆಗಬೇಕಿದ್ದಲ್ಲಿ ನಾವು 50 ಹಾಕಿದಂತಾಯಿತು. ಆ ಹೆಚ್ಚಿನ 7 ಮಿಲಿಸೆಕೆಂಡೇ ನಮಗೆ ಬೇಕಾದದ್ದು. ನಟನ ಮಾತು ಮೊದಲು ಮುಟ್ಟುತ್ತದೆ, ಬಾಕ್ಸ್ ಹಿಂದಿನಿಂದ ಕೈ ಕೊಡುತ್ತದೆ, ಜನರಿಗೆ ಬಾಕ್ಸ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಬೇಸಿಗೆಗೊಂದು, ಚಳಿಗಾಲಕ್ಕೊಂದು ಡಿಲೇ ಇಡಬೇಕು ಅಂತ ತಲೆ ಕೆಡಿಸಿಕೊಳ್ಳುವವರನ್ನು ಕಂಡಿದ್ದೇನೆ. 20 ಡಿಗ್ರಿಗೂ 40 ಡಿಗ್ರಿಗೂ 20 ಮೀಟರಿನಲ್ಲಿ ಬರುವ ವ್ಯತ್ಯಾಸ 2 ಮಿಲಿಸೆಕೆಂಡು. ಸುಮ್ನೆ ಬಿಡಿ ಅದನ್ನ.

ಜೀನ್ಸ್ ಮಷಿನ್ನು

ಚಾಚಾ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ನಮಗೆ ಸಿಕ್ಕಿದ್ದು ಒಂದು ಹೊಸ ನಾಟಕದಲ್ಲಿ. ತಂಡದ ಹುಡುಗಿಯೊಬ್ಬಳು ಬರೆದದ್ದು. ಕೌಲ್ ಬಜಾರಿನ ಒಂದು ಮನೆ, ಮನೆಮಂದಿಯೆಲ್ಲ ಜೀನ್ಸ್ ಹೊಲಿಯುವವರು. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಂಗದ ಮೇಲೆ ಇದ್ದದ್ದು ಒಂದೇ ಒಂದು ಮಷಿನ್ನು, ನಟಿ ಅದನ್ನು ನಿಜಕ್ಕೂ ತುಳಿಯುತ್ತಿದ್ದಳು. ಉಳಿದ ಓಣಿ ಎಲ್ಲಿದೆ? ಓಣಿಯನ್ನು ಪ್ರೇಕ್ಷಕರು ಕೂತ ಕಡೆಗೆ ಹಾಕಿದೆವು. ಹಿಂದಿನ ಬಲಮೂಲೆಯ ಕಾಲಮ್ಮಿನಲ್ಲಿ ಕೂತವಳು ಪಕ್ಕದ ಮನೆಯ ಅಕ್ಕ. ಎಡಮೂಲೆಯಲ್ಲಿ ಕರೆಂಟ್ ಮಷಿನ್ನುಗಳ ಯೂನಿಟ್ಟು. ಎಡಗೋಡೆಯ ಮೇಲೆ ರಸ್ತೆ, ಅಂದರೆ ಆಟೋ, ತರಕಾರಿಯವನು, ದೂರಕ್ಕೆ ಅದಿರು ತುಂಬಿದ ಗೂಡ್ಸ್ ರೈಲು. ಬಲಗೋಡೆಯ ಬಾಕ್ಸ್ ಇಡೀ ನಾಟಕದಲ್ಲಿ ಒಂದೇ ಒಂದು ಸಲ ಮಾತಾಡಿತು. ಬಾಕ್ಸ್ ಸುಮ್ಮನಿದ್ದರೆ ಬಾಡಿಗೆ ದಂಡ ಅಂತ ಕೆಲವರಿಗೆ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ.

ಮಷಿನ್ನಿನ ಸದ್ದನ್ನು ಫೋನಿನಲ್ಲೇ ಹಿಡಿದೆವು. ಒಂದು ಯೂನಿಟ್ಟಿನವರು ಊಟದ ಹೊತ್ತಿನಲ್ಲಿ ಬನ್ನಿ ಅಂದರು. ಎಲ್ಲ ಮಷಿನ್ನು ಒಟ್ಟಿಗೆ ಓಡುವಾಗ ಹಿಡಿದರೆ ಬರುವುದು ಬರೀ ಗೊರ್ ಅನ್ನೋ ಗದ್ದಲ. ಅದನ್ನು ಆಮೇಲೆ ಬಿಡಿಸಲು ಬರುವುದಿಲ್ಲ. ಹಾಗಾಗಿ ಒಂದೊಂದೇ ಮಷಿನ್ನು ಓಡಿಸಿ, ಫೋನನ್ನು ಹತ್ತಿರ ಹಿಡಿದು, ಮಗ್ಗುಲಲ್ಲಿ ಪ್ಯಾಂಟಿನ ಬಟ್ಟೆ ಪೇರಿಸಿ ಕೋಣೆಯ ಮರುದನಿ ಬಾರದಂತೆ ಮಾಡಿದೆವು. ಹಾಲಿಗೆ ಅದರದ್ದೇ ಮರುದನಿ ಇರುತ್ತದೆ. ಸದ್ದಿನಲ್ಲಿ ಇನ್ನೊಂದು ಕೋಣೆಯನ್ನು ತಂದು ಕೂರಿಸಿದರೆ ಎರಡು ಕೋಣೆ ಒಂದರೊಳಗೊಂದು ಸಿಕ್ಕಿ ಗೊಂದಲ. ಜೀನ್ಸಿನ ದಪ್ಪ ಹೊಲಿಗೆ ಬಂದಾಗ ಮಷಿನ್ನು ಉಸಿರು ಕಟ್ಟಿದ ಹಾಗೆ ನಿಧಾನವಾಗಿ, ದಾಟಿದ ಕೂಡಲೇ ಓಡುತ್ತದಲ್ಲ, ಅದು ಸಿಕ್ಕಿದ್ದು ನಮ್ಮ ಪುಣ್ಯ. ಆ ಏರಿಳಿತ ಇಲ್ಲದಿದ್ದರೆ ಅದು ಮಷಿನ್ನಿನ ಸದ್ದು ಮಾತ್ರ, ಹೊಲಿಯುವವರು ಇರುವುದಿಲ್ಲ.

ಒಂದು ಮಾತು ಹೊಸದಾಗಿ ಮಾಡುವವರಿಗೆ. ನಾಲ್ಕು ಬಾಕ್ಸಿಗೆ ನಾಲ್ಕು ಸದ್ದು ಕಳಿಸಲು ದೊಡ್ಡ ಸಾಮಾನು ಬೇಕಿಲ್ಲ. ಬರೀ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದಲೇ ಎರಡು ಜಾಗ ಸಿಗುತ್ತವೆ. ಸ್ಟೀರಿಯೋದ ಎಡ, ಬಲ ಅನ್ನೋದನ್ನು ಮರೆತುಬಿಡಿ. ಎಡದ ತಂತಿಯಲ್ಲಿ ರಂಗದ ಸದ್ದು, ಬಲದ ತಂತಿಯಲ್ಲಿ ಹಿಂದಿನ ಓಣಿ. ಒಂದೇ ಫೈಲು, ಎರಡು ಊರು. ನಾಲ್ಕು ಔಟ್‌ಪುಟ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬಂದರೆ ನಾಲ್ಕು ಜಾಗ. ಮಿಕ್ಸರಿನ ಆಕ್ಸ್ ಗುಬ್ಬಿಗಳನ್ನು, ಅಂದರೆ ಒಂದು ಸದ್ದನ್ನು ಬೇರೊಂದು ಔಟ್‌ಪುಟ್ಟಿಗೆ ಬೇಕಾದಷ್ಟು ಕಳಿಸುವ ಗುಬ್ಬಿಗಳನ್ನು, ಕೂಡ ಹೀಗೇ ಬಳಸಬಹುದು. ಒಂದೊಂದು ಆಕ್ಸ್ ಒಂದೊಂದು ಬಾಕ್ಸಿಗೆ ಹೋದರೆ, ಯಾವ ಸದ್ದು ಎಲ್ಲಿಗೆ ಎಷ್ಟು ಅನ್ನೋದು ಬೆರಳ ತುದಿಯಲ್ಲಿ ಇರುತ್ತದೆ.

ಮಷಿನ್ನುಗಳನ್ನು ನಾವು ನಾಟಕಕ್ಕೆ ಮೊದಲೇ ಓಡಿಸಿಬಿಟ್ಟೆವು. ಜನ ಒಳಗೆ ಬಂದು ಕುರ್ಚಿ ಹುಡುಕುವಾಗ, ಫೋನಿನಲ್ಲಿ ಮಾತಾಡುವಾಗ, ಮಕ್ಕಳು ಓಡಾಡುವಾಗ ಹಿಂದೆ ಟಕಟಕ ಅನ್ನುತ್ತಲೇ ಇತ್ತು, ಬಹಳ ಸಣ್ಣಗೆ. ಕೆಲವರು ಮೊದಲು ತಿರುಗಿ ನೋಡಿದರು. ಆಗ ಪರದೆ ಎದ್ದಿರಲಿಲ್ಲ, ನೋಡಲಿ ಬಿಡಿ. ಪರದೆ ಏಳುವ ಹೊತ್ತಿಗೆ ಕಿವಿಗೆ ಅದು ಹಳೆಯದಾಗಿತ್ತು. ನಾಟಕದ ನಡುವೆ ಒಂದು ಕಡೆ ಕರೆಂಟ್ ಹೋಗುತ್ತದೆ. ನಾವು ಬೆಳಕು ತೆಗೆಯಲಿಲ್ಲ, ಅದು ಹಗಲಿನ ದೃಶ್ಯ. ಹಿಂದಿನ ಯೂನಿಟ್ಟಿನ ಮಷಿನ್ನುಗಳನ್ನು ಒಟ್ಟಿಗೆ ನಿಲ್ಲಿಸಿದೆವು, ಅಷ್ಟೇ. ಕೊನೆಯಲ್ಲಿ ಚಕ್ರ ಸುಮ್ನೆ ಎರಡು ಸುತ್ತು ತಿರುಗಿ ನಿಲ್ಲುವ ಸದ್ದು. ಒಬ್ಬರೂ ಹಿಂದೆ ತಿರುಗಲಿಲ್ಲ. ಬಹಳ ಜನ ಮೇಲೆ ನೋಡಿದರು, ಫ್ಯಾನ್ ತಿರುಗುತ್ತಿದೆಯಾ ಅಂತ! ಮೂರನೇ ಸಾಲಿನ ಅಜ್ಜಿಯೊಬ್ಬರು ಪಕ್ಕದವರಿಗೆ, 'ಕರೆಂಟ್ ಹೋತೇನವಾ?' ಅಂದದ್ದು ನನ್ನ ಜಾಗಕ್ಕೂ ಕೇಳಿತು. ಅದೇ ಹೊತ್ತಿಗೆ ರಂಗದ ಮೇಲಿನ ನಟಿ ತನ್ನ ಮಷಿನ್ನನ್ನು ತುಳಿಯುತ್ತಲೇ ಇದ್ದಳು. ಆಕೆಯದು ಕಾಲಿನ ಮಷಿನ್ನು, ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಓಣಿಯೆಲ್ಲ ನಿಂತಾಗ ಅವಳೊಬ್ಬಳದೇ ಸದ್ದು ಮುಂದಿನಿಂದ ಬರುತ್ತಿತ್ತು. ಬರೆದ ಹುಡುಗಿಗೆ ಅಲ್ಲಿ ಒಂದು ಪುಟ ಸಂಭಾಷಣೆ ಇತ್ತು. ಗ್ರ್ಯಾಂಡ್ ರಿಹರ್ಸಲ್ ಆದ ರಾತ್ರಿ ಅವಳೇ ಅದನ್ನು ಹೊಡೆದುಹಾಕಿದ್ದಳು.

ಫ್ಯಾನಿಗೆ ಸೋತ ಮಳೆ

ಬಳ್ಳಾರಿಯಲ್ಲಿ ನಾಟಕದ ಸೌಂಡ್ ಮಾಡುವವನಿಗೆ ಮುಖ್ಯ ಶತ್ರು ಫ್ಯಾನು. ಏಪ್ರಿಲ್‌ನಲ್ಲಿ ಹಾಲಿನ ಫ್ಯಾನ್ ನಿಲ್ಲಿಸಿ ಅಂತ ಹೇಳುವ ಧೈರ್ಯ ಯಾವ ನಿರ್ದೇಶಕನಿಗೂ ಇಲ್ಲ. ಫ್ಯಾನಿನ ಸದ್ದಿನಲ್ಲಿ ಎಲ್ಲ ಸ್ವರಗಳೂ ಕಲಸಿರುತ್ತವೆ, ಸುಂಯ್ ಅಂತ. ಮಳೆಯ ಸದ್ದೂ ಅದೇ. ಹಾಗಾಗಿ ಇಂಟರ್‌ನೆಟ್ಟಿನಿಂದ ಇಳಿಸಿದ ಮಳೆಯನ್ನು ನಾಲ್ಕೂ ಬಾಕ್ಸಿನಲ್ಲಿ ಹಾಕಿದರೆ ಜನರಿಗೆ ಫ್ಯಾನ್ ಜೋರಾಯಿತು ಅನ್ನಿಸುತ್ತದೆ. ಜೋರು ಮಾಡಿದರೆ ನಟರ ಮಾತು ಮುಳುಗುತ್ತದೆ. ಗಾಳಿಯ ಸದ್ದಿನದ್ದೂ ಇದೇ ಗತಿ.

ಫ್ಯಾನಿಗೆ ಸಿಗದ ಸದ್ದು ಬೇಕು. ಅಂದರೆ ಬಿಡಿಬಿಡಿಯಾದದ್ದು, ಚೂಪಾದದ್ದು. ತಗಡಿನ ಮೇಲೆ ಬೀಳುವ ಮೊದಲ ಹನಿಗಳು. ಬಕೆಟ್ಟಿಗೆ ಸೋರುವ ನೀರು. ಒಗೆದ ಬಟ್ಟೆ ತೆಗೆಯಲು ಮಾಳಿಗೆಗೆ ಓಡುವ ಕಾಲು, ಅದು ತಲೆಯ ಮೇಲೆ ಕಟ್ಟಿದ ಬಾಕ್ಸಿನಿಂದ. ಇಷ್ಟು ಕೊಟ್ಟರೆ ಉಳಿದ ಮಳೆಯನ್ನು ಫ್ಯಾನೇ ಸುರಿಸುತ್ತದೆ. ಇದು ನಗೆಮಾತಲ್ಲ. ಹನಿಗಳ ಸದ್ದು ಕಿವಿಗೆ ಬಿದ್ದ ಮೇಲೆ ಫ್ಯಾನಿನ ಸುಂಯ್ ಕೂಡ ಮಳೆಯಾಗಿ ಕೇಳುತ್ತದೆ. ಮಳೆ ಕಮ್ಮಿಯಿರುವ ಊರಿನ ಜನಕ್ಕೆ ಮಳೆ ಅಂದರೆ ಮೊದಲ ಹನಿಯೇ ತಾನೇ.

ಇನ್ನು ಹಂ ಅನ್ನುವ ಪೀಡೆ. ಅದು ಕರೆಂಟಿನ 50 ಹರ್ಟ್ಸ್ ಗುಂಯ್. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಹೋಯಿತು ಅಂದರೆ ಅರ್ಥಿಂಗಿನ ಸುತ್ತು ಎಲ್ಲೋ ಕೂಡಿಕೊಂಡಿದೆ. ಸೌಂಡಿನ ಎಲ್ಲ ಸಾಮಾನಿಗೂ ಒಂದೇ ಬೋರ್ಡಿನಿಂದ ಕರೆಂಟ್ ತಗೊಳ್ಳಿ, ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಒಂದು ಡಿಐ ಬಾಕ್ಸ್, ಅಂದರೆ ಎರಡರ ಅರ್ಥಿಂಗನ್ನು ಬೇರೆ ಮಾಡುವ ಸಣ್ಣ ಡಬ್ಬ, ಹಾಕಿ. ಪ್ಲಗ್ಗಿನ ಅರ್ಥ್ ಪಿನ್ನು ಮುರಿದು ಹಂ ತೆಗೆಯುವ ಶೂರರು ಎಲ್ಲ ಊರಲ್ಲೂ ಇದ್ದಾರೆ. ಅವರನ್ನು ಹತ್ತಿರ ಬಿಡಬೇಡಿ, ನಟರು ಮುಟ್ಟುವ ಮೈಕ್ ಅದೇ ತಂತಿಯ ತುದಿಯಲ್ಲಿ ಇರುತ್ತದೆ. ಲೈಟಿನ ಡಿಮ್ಮರ್ ಏರಿಸಿದಾಗ ಮಾತ್ರ ಜರ್ ಅಂದರೆ ಸೌಂಡಿನ ವೈರು ಲೈಟಿನ ವೈರಿನ ಜೊತೆಗೆ ಮಲಗಿದೆ ಅಂತ ಅರ್ಥ. ಬೇರೆ ದಾರಿಯಲ್ಲಿ ಎಳೆಯಿರಿ. ದಾಟಲೇಬೇಕಾದರೆ ಅಡ್ಡಕ್ಕೆ ದಾಟಿಸಿ.

ಬಯಲಿನಲ್ಲಿ

ನಮ್ಮ ಸೀಮೆಯ ದೊಡ್ಡಾಟ ನೋಡುತ್ತಾ ಬೆಳೆದವರಿಗೆ ಈ ಸರೌಂಡಿನ ಗದ್ದಲ ವಿಚಿತ್ರವಾಗಿ ಕಾಣಬಹುದು. ಅಲ್ಲಿ ಸದ್ದೆಲ್ಲ ಅಟ್ಟದ ಮೇಲಿನದ್ದೇ. ಹಿಂದೆ ಹಿಮ್ಮೇಳ, ಮುಂದೆ ಹಲಗೆ ನಡುಗುವಂತೆ ಕುಣಿಯುವ ಪಾತ್ರಧಾರಿ, ಕಾಲಲ್ಲಿ ಗೆಜ್ಜೆ. ತೊಗಲುಗೊಂಬೆಯವರು ಪರದೆಯ ಹಿಂದೆ ಹಲಗೆ ತುಳಿದೇ ಯುದ್ಧ ಮಾಡಿಸುತ್ತಾರೆ. ಎಲ್ಲಿಂದ ಬಂತು ಅಂತ ಅಲ್ಲಿ ಯಾರಿಗೂ ಅನುಮಾನ ಇಲ್ಲ. ಕಣ್ಣು ಎಲ್ಲಿದೆಯೋ ಸದ್ದೂ ಅಲ್ಲೇ.

ಜೀನ್ಸಿನ ನಾಟಕವಲ್ಲ, ಇನ್ನೊಂದನ್ನು ಸಿರುಗುಪ್ಪದ ಕಡೆಯ ಒಂದು ಹಳ್ಳಿಯ ಶಾಲೆಯ ಬಯಲಲ್ಲಿ ಆಡಿದೆವು. ಬಯಲಿಗೆ ಗೋಡೆ ಇಲ್ಲ, ಚಾಚಾನ ಉಪಾಯ ನಡೆಯುವುದಿಲ್ಲ. ಹಿಂದೆ ಇಟ್ಟ ಬಾಕ್ಸಿನ ಸದ್ದು ಹೋದದ್ದು ಹೋಯಿತು, ಮರಳಿ ಬರುವುದಿಲ್ಲ. ಸಂಜೆ ಬಿಸಿಲಿನಲ್ಲಿ ಸೌಂಡ್ ನೋಡಿಕೊಳ್ಳುವಾಗ ಊರಾಚೆ ನಿಂತ ಹುಡುಗರು ಫೋನ್ ಮಾಡಿ, ಏನೂ ಕೇಳ್ತಿಲ್ಲ ಅಂದರು. ರಾತ್ರಿ ಅದೇ ಜೋರಿಗೆ ಪಕ್ಕದ ಊರಿಗೂ ಕೇಳಿತಂತೆ. ಹಗಲು ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು, ಸದ್ದು ಮೇಲಕ್ಕೆ ಬಾಗಿ ಹೋಗಿಬಿಡುತ್ತದೆ. ರಾತ್ರಿ ನೆಲ ಮೊದಲು ತಣ್ಣಗಾಗುತ್ತದೆ, ಸದ್ದು ಕೆಳಕ್ಕೆ ಬಾಗಿ ನೆಲ ಹಿಡಿದು ಓಡುತ್ತದೆ. ಹತ್ತಿಪ್ಪತ್ತು ಮೀಟರಿನಲ್ಲಿ ಕೂತವರಿಗೆ ಇದರಿಂದ ಏನೂ ಆಗುವುದಿಲ್ಲ, ಅರ್ಧ ಮೈಲಿ ಆಚೆ ಮಲಗಿದವರಿಗೆ ಆಗುತ್ತದೆ. ದೊಡ್ಡಾಟದ ಹಾಡು ಮೈಕಿಲ್ಲದ ಕಾಲದಲ್ಲೂ ಅಷ್ಟು ದೂರ ಕೇಳುತ್ತಿದ್ದುದರಲ್ಲಿ ಹಾಡುವವರ ಗಂಟಲಿನ ಜೊತೆ ರಾತ್ರಿಯ ಪಾಲೂ ಇದೆ.

ಆ ನಾಟಕದಲ್ಲಿ ರಾತ್ರಿಯ ದೃಶ್ಯಕ್ಕೆ ಕಪ್ಪೆ, ಜೀರುಂಡೆ ಎಲ್ಲ ಫೈಲು ಮಾಡಿಕೊಂಡಿದ್ದೆವು. ಶಾಲೆಯ ಸುತ್ತ ನೀರು ನಿಲ್ಲಿಸಿದ ಭತ್ತದ ಗದ್ದೆ. ನಮ್ಮ ಫೈಲಿಗೆ ಮೊದಲೇ ಅಲ್ಲಿನ ಕಪ್ಪೆ, ಜೀರುಂಡೆಗಳೇ ಶುರುಮಾಡಿದ್ದವು. ನಾನು ಆ ಟ್ರ್ಯಾಕ್ ಮುಚ್ಚಿ ರಂಗದ ಬಾಕ್ಸ್ ಮಾತ್ರ ಇಟ್ಟುಕೊಂಡೆ. ಬಾಡಿಗೆ ಬಾಕ್ಸಿಗೆ ದುಡ್ಡು ಕೊಟ್ಟ ಖಜಾಂಚಿ ಮಾತ್ರ ಇವತ್ತಿಗೂ ಅದರ ಲೆಕ್ಕ ಕೇಳುತ್ತಾರೆ.

ಸದ್ಯದ ಜಗಳ

ಈಗ ನಡೆಯುತ್ತಿರುವ ತಾಲೀಮಿನಲ್ಲಿ ನನಗೂ ನಿರ್ದೇಶಕರಿಗೂ ಒಂದು ವಿಷಯ ಬಗೆಹರಿದಿಲ್ಲ. ತೀರಿಹೋದ ಅಪ್ಪ ಮಗನಿಗೆ ಮಾತಾಡುವ ದೃಶ್ಯ ಇದೆ. ಅಪ್ಪನ ಧ್ವನಿ ನಾಲ್ಕೂ ಕಡೆಯಿಂದ ಬರಬೇಕು, ಮಗನನ್ನು ಸುತ್ತುವರಿಯಬೇಕು ಅನ್ನುವುದು ಅವರ ಆಸೆ. ಆದರೆ ಸುತ್ತುವರಿಯುವುದು ಪ್ರೇಕ್ಷಕರನ್ನು, ಮಗನನ್ನಲ್ಲ ಸಾರ್ ಅಂದೆ. ಮಗ ರಂಗದ ಮೇಲಿದ್ದಾನೆ, ಬಾಕ್ಸುಗಳೆಲ್ಲ ಅವನ ಎದುರಿಗೆ ಇವೆ. ಅಲ್ಲದೆ ಗೋಡೆ ಪಕ್ಕ ಕೂತವರಿಗೆ ಅಪ್ಪ ಗೋಡೆಯೊಳಗೆ ಮಾತ್ರ ಇರುತ್ತಾನೆ. ರಂಗದ ಮೇಲೆ ಅಪ್ಪನ ಹಳೆ ರೇಡಿಯೋ ಒಂದಿದೆ. ಅದರ ಹೊಟ್ಟೆ ಬಿಚ್ಚಿ, ನಾಲ್ಕು ಇಂಚಿನ ಸ್ಪೀಕರ್ ಇಟ್ಟು, ಅಪ್ಪನನ್ನು ಅದರಲ್ಲೇ ಮಾತಾಡಿಸೋಣ ಅನ್ನುವುದು ನನ್ನ ವಾದ. ಅಷ್ಟು ಸಣ್ಣ ಸ್ಪೀಕರಿಗೆ ಬೇಸ್ ಬರುವುದಿಲ್ಲ, ಧ್ವನಿ ಸೀಳಾಗಿ ಬರುತ್ತದೆ, ಸತ್ತವರ ಗಾಂಭೀರ್ಯ ಇರುವುದಿಲ್ಲ ಅಂತ ನಿರ್ದೇಶಕರು. ಬದುಕಿದ್ದಾಗ ಆ ಪಾತ್ರಕ್ಕೆ ಗಾಂಭೀರ್ಯ ಎಲ್ಲಿತ್ತು ಸಾರ್ ಅಂತ ಅಪ್ಪನ ಪಾತ್ರಧಾರಿಯೇ ನಡುವೆ ಬಾಯಿ ಹಾಕಿದರು.

ಮುಂದಿನ ಭಾನುವಾರ ಹಾಲು ಸಿಕ್ಕಿದೆ, ಎರಡನ್ನೂ ಹಾಕಿ ನೋಡುವುದು ಅಂತ ಒಪ್ಪಂದವಾಗಿದೆ. ನಿರ್ದೇಶಕರು ನಡುವಿನ ಸೋಫಾದಲ್ಲಿ ಕೂತು ಕೇಳುತ್ತೇನೆ ಅಂದಿದ್ದಾರೆ. ನಾನು ಅವರಿಗಾಗಿ ಬಲಗೋಡೆ ಪಕ್ಕದ ಕೊನೆಯ ಕುರ್ಚಿ ಒರೆಸಿ ಇಟ್ಟಿರುತ್ತೇನೆ. ರೇಡಿಯೋಕ್ಕೆ ಹೋಗುವ ವೈರನ್ನು ಮೇಜಿನ ಕಾಲಿನೊಳಗೆ ಇಳಿಸಲು ಬಡಗಿಗೆ ಹೇಳಿಯಾಗಿದೆ.